ಎಂಟು ಜಿಬಿ ಚಿನ್ನ

ಪಕ್ಕದ ಮನೆ ಅಣ್ಣನಿಗೆ ಎಪ್ಪತ್ತು ದಾಟಿದೆ. 2001ರ ಫೆಬ್ರವರಿ 28ಕ್ಕೆ ನಮ್ಮ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚುವವರೆಗೂ ಅದರ ಚಾಂಪಿಯನ್ ರೀಫ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಈಗ ಮೊಮ್ಮಗಳ ಕಂಪ್ಯೂಟರಿನ ಯೋಗಕ್ಷೇಮ ಅವರದೇ. ಕಾಂಪೌಂಡಿನ ಮೇಲೆ ಮೊಣಕೈ ಊರಿದರು ಅಂದರೆ ನನ್ನ ಕಾಫಿ ಆರಿ ಹೋಯಿತು ಅಂತಲೇ ಲೆಕ್ಕ.

"ಏನಪ್ಪಾ, ಈ ಡಬ್ಬಕ್ಕೆ ಎಂಟು ಜಿಬಿ ಹಾಕಿಸಿದ್ರೆ ಓಡುತ್ತಾ?"

"ಈಗ ಎಷ್ಟಿದೆ ಅಣ್ಣ?"

"ನಾಲ್ಕಂತೆ. ಕ್ರೋಮ್ ತೆಗೆದಳು ಅಂದ್ರೆ ಚಕ್ರ ತಿರುಗ್ತಾನೇ ಇರುತ್ತೆ. ನಾನು ಊಟ ಮುಗಿಸಿ ಬಂದ್ರೂ ತಿರುಗ್ತಿರುತ್ತೆ."

ರ‍್ಯಾಮ್ ತುಂಬಿದ ಮೇಲೆ ಕಂಪ್ಯೂಟರು ಹಾರ್ಡ್‌ಡಿಸ್ಕಿನಲ್ಲಿ ಜಾಗ ಹುಡುಕುತ್ತದೆ. ಅದನ್ನು ಅಣ್ಣನಿಗೆ ಅವರ ಭಾಷೆಯಲ್ಲೇ ಹೇಳಿದೆ: ಕೈಗೆ ಬೇಕಾದ ಸ್ಪ್ಯಾನರು ಮೇಲಿಲ್ಲ ಅಂತ ಪ್ರತಿ ಸಲ ಕೇಜ್ ಇಳಿಸಿ, ಮೂರು ಕಿಲೋಮೀಟರ್ ಕೆಳಗಿಂದ ತರಿಸಿದ ಹಾಗೆ. ತಲೆಯಾಡಿಸಿದರು. "ಶಿಫ್ಟೇ ಮುಗಿದುಹೋಗುತ್ತೆ" ಅಂದರು. "ಹಾಗಾದ್ರೆ ಹದಿನಾರೇ ಹಾಕಿಸಿಬಿಡ್ಲಾ?"

ಇಲ್ಲೇ ಜನ ದುಡ್ಡು ಕಳೆದುಕೊಳ್ಳೋದು. ಮೊದಲು ಬೋರ್ಡು ಏನು ಕೇಳುತ್ತೆ ನೋಡಬೇಕು. ಡಿಡಿಆರ್3ಗೆ 240 ಪಿನ್ನು, 1.5 ವೋಲ್ಟು; ಡಿಡಿಆರ್4ಗೆ 288 ಪಿನ್ನು, 1.2 ವೋಲ್ಟು. ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿರೋದರಿಂದ ಒಂದರ ಜಾಗಕ್ಕೆ ಇನ್ನೊಂದು ಕೂರೋದೇ ಇಲ್ಲ. ಕೂರಿಸಲೇಬೇಕು ಅಂತ ಬಲ ಹಾಕೋ ಪುಣ್ಯಾತ್ಮರೂ ಇದ್ದಾರೆ. ವಿಂಡೋಸು 32 ಬಿಟ್ಟಿಂದಾದರೆ ಎಷ್ಟು ತುಂಬಿದರೂ ನಾಲ್ಕರ ಮೇಲೆ ಅದರ ಕಣ್ಣಿಗೆ ಬೀಳಲ್ಲ. ಅಣ್ಣನದು 64 ಬಿಟ್ಟು, ಬೋರ್ಡು ಡಿಡಿಆರ್3, ಇರೋದು ಎರಡೇ ಸ್ಲಾಟು, ಒಂದು ಖಾಲಿ. ಇದ್ದ ನಾಲ್ಕರ ಪಕ್ಕ ಅಂಥದ್ದೇ ಇನ್ನೊಂದು ನಾಲ್ಕು ಹಾಕಿದರೆ ಎರಡೂ ಜೋಡಿಯಾಗಿ ಓಡುತ್ತವೆ. ಹದಿನಾರು ಯಾಕೆ? ವಿಂಡೋಸ್ 10ಕ್ಕೆ ಕಂಪನಿ 2025ರ ಅಕ್ಟೋಬರಿನಲ್ಲೇ ಕೈಮುಗಿದಿದೆ, ಈ ಬೋರ್ಡಿಗೆ ಹನ್ನೊಂದು ಒಗ್ಗಲ್ಲ. ಮುದಿ ಎತ್ತಿಗೆ ಹೊಸ ಗಾಡಿ ಕಟ್ಟಬಾರದು. ಮಿಕ್ಕ ದುಡ್ಡಿಗೆ ಒಂದು ಎಸ್‌ಎಸ್‌ಡಿ ಹಾಕಿಸಿ, ವ್ಯತ್ಯಾಸ ಅದರಲ್ಲಿ ಗೊತ್ತಾಗುತ್ತೆ ಅಂದೆ.

"ವೈರ್ ಕಿತ್ತು ಆಮೇಲೆ ಕೈ ಹಾಕಣ್ಣ" ಅಂತ ಬಾಯಿ ತಪ್ಪಿ ಬಂತು ನೋಡಿ.

"1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರಪ್ಪಾ ಇದು! ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಕರೆಂಟಿನ ಪಾಠ ನನಗೆ ಹೇಳ್ತೀಯಾ?"

ಪಾಠ ಅವರೇ ಹೇಳಿದರು. ವೈರು ಕಿತ್ತ ಮೇಲೂ ಪವರ್ ಬಟನ್ ಒಂದು ಸಲ ಒತ್ತಬೇಕು, ಕೆಪಾಸಿಟರಿನಲ್ಲಿ ನಿಂತದ್ದು ಇಳಿಯಲಿ ಅಂತ. ಬಣ್ಣ ಬಳಿಯದ ಕಬ್ಬಿಣ ಒಮ್ಮೆ ಮುಟ್ಟಬೇಕು, ಮೈಮೇಲಿನ ಸ್ಟ್ಯಾಟಿಕ್ ಹೋಗಲಿ ಅಂತ. ಆಮೇಲೆ ಹಳೇ ರ‍್ಯಾಮನ್ನು ಕ್ಲಿಪ್ ಒತ್ತಿ ಎತ್ತಿ, ಬಿಸಿಲಿಗೆ ಹಿಡಿದರು. ತಳದ ಹಲ್ಲುಗಳು ಮಸುಕಾಗಿ ಹೊಳೆದವು.

"ಇದು ನಮ್ಮದೇ ಬಣ್ಣ ಅಲ್ವೇನೋ?"

ಚಿನ್ನವೇ. ತುಕ್ಕು ಹಿಡಿಯಲ್ಲ ಅನ್ನೋದಕ್ಕೇ ಅದರ ಲೇಪ ಕೊಡ್ತಾರೆ. ಮಸಿ ಕೂತರೆ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಒರೆಸೋದು ಅಂಗಡಿಯವರ ಕೈಚಳಕ. ಎಷ್ಟೋ ಸತ್ತ ಕಂಪ್ಯೂಟರು ಅಷ್ಟಕ್ಕೇ ಎದ್ದಿವೆ. ಆದರೆ ಪದೇ ಪದೇ ಉಜ್ಜಿದರೆ ಲೇಪವೇ ಹೋಗುತ್ತೆ, ಅಷ್ಟು ತೆಳು.

"ಕೊನೆಕೊನೆಗೆ ಒಂದು ಟನ್ ಕಲ್ಲು ಪುಡಿ ಮಾಡಿದ್ರೆ ಕೆಲವೇ ಗ್ರಾಂ ಸಿಗೋದು. ಇದರಲ್ಲಿ?"

ಒಂದು ಟನ್ ಹಳೇ ಬೋರ್ಡಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಿಗುತ್ತೆ. ಅಂದದ್ದೇ ತಡ, ಅಣ್ಣನ ಹುಬ್ಬು ಮೇಲೇರಿತು. ಹಿತ್ತಲಲ್ಲೇ ಆಸಿಡ್ ಕುದಿಸಿ ತೆಗೆಯೋರೂ ಇದ್ದಾರಣ್ಣ ಅಂದೆ. ಅವರ ಮುಖ ಸಿಂಡರಿಸಿತು. ರಾಬರ್ಟ್‌ಸನ್‌ಪೇಟೆಯ ಗಾಳಿಗೆ ಗಣಿಯ ಸೈನೈಡ್ ದಿಬ್ಬದ ಧೂಳು ಕುಡಿದು ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. "ಗಣಿ ಹೋದ್ರೂ ದಿಬ್ಬ ಹೋಗಲಿಲ್ಲ. ಇನ್ನು ಹಿತ್ತಲಲ್ಲೂ ಒಂದು ಬೇಡ" ಅಂದು ರ‍್ಯಾಮನ್ನು ಪೇಪರಿನಲ್ಲಿ ಸುತ್ತಿದರು.

ಈಗ ಉಳಿದದ್ದು ಎಲ್ಲಿ ಕೊಳ್ಳೋದು ಅನ್ನೋದು. ಎಐಗಾಗಿ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಮೆಮೊರಿ ಎಲ್ಲ ಬಾಚಿಕೊಂಡು 2025ರ ಕೊನೆಗೆ ಹೊಸ ರ‍್ಯಾಮಿನ ಬೆಲೆ ಗಗನಕ್ಕೇರಿತು. ಡಿಡಿಆರ್3 ಸೆಕೆಂಡ್ ಹ್ಯಾಂಡೇ ಸಾಕು. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ, ಹಳೇದನ್ನು ಜೇಬಿನಲ್ಲಿಟ್ಟುಕೊಂಡು, ಅಂಗಡಿಯಲ್ಲೇ ಹಾಕಿ ಓಡಿಸಿ ತೋರಿಸು ಅನ್ನಿ. ಬಾಯಲ್ಲಿ ಹೇಳಿದರೆ ಲ್ಯಾಪ್‌ಟಾಪಿನ ಗಿಡ್ಡದ್ದು ಕೊಟ್ಟು ಕಳಿಸ್ತಾರೆ ಅಂತ ಎಚ್ಚರಿಸಿದೆ.

"ನಾಳೆ ಬೆಳಗ್ಗೆ ಮಾರಿಕುಪ್ಪಂ ಗಾಡಿಗೆ ಹೋಗೋಣ, ನೀನೂ ಬಾ."

"ನನಗೇನು ಕೆಲಸ ಅಲ್ಲಿ?"

"ಬರೋವಾಗ ಬಂಗಾರಪೇಟೆಯಲ್ಲಿ ಇಳಿದು ಪಾನಿಪೂರಿ ತಿನ್ನೋಕೆ. ಅದರ ಬಿಳಿ ನೀರಿಗೆ ಏನು ಹಾಕ್ತಾರೆ ಅಂತ ನಾನು ಕಂಡುಹಿಡೀಬೇಕು. ರ‍್ಯಾಮಿನ ಕಥೆ ಗೊತ್ತಾಯ್ತಲ್ಲ, ಇನ್ನು ಅದೊಂದು ಬಾಕಿ."