ಬೇಸ್‌ಮೆಂಟ್ ಅಪ್ಪ

ಬೇಸ್‌ಮೆಂಟ್ ಅಪ್ಪ ಅಮೆರಿಕದ ಎಲ್ಲ ಕಡೆಯೂ ಸಿಗುವುದಿಲ್ಲ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಇಲಿನಾಯ್, ಮಿಷಿಗನ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಮನೆಯ ತಳಪಾಯ ಆ ಹೆಪ್ಪಿಗಿಂತ ಕೆಳಗಿಳಿಯಬೇಕು. ಶಿಕಾಗೋದಲ್ಲಿ 42 ಇಂಚು. ಅಷ್ಟು ಅಗೆದವರು ಇನ್ನೊಂದಿಷ್ಟು ಅಗೆದರೆ ಕೋಣೆಯೇ ಸಿಕ್ಕಿತು. ಆ ಕೋಣೆಗೆ ಮಕ್ಕಳ ಹೆಸರಿನಲ್ಲಿ ಬಣ್ಣ ಬಳಿಯುವ ಕನ್ನಡಿಗನೇ ಈತ. ಟೆಕ್ಸಾಸ್‌ನಲ್ಲಿ ಬೇಸ್‌ಮೆಂಟ್ ಅಪರೂಪವಾದ್ದರಿಂದ ಅಲ್ಲಿನ ಅಪ್ಪಂದಿರು ಗ್ಯಾರೇಜಿನಲ್ಲೇ ಸಮಾಧಾನ ಪಡುತ್ತಾರೆ.

ಊರು ಹಾಸನವೋ ಶಿವಮೊಗ್ಗವೋ, ವೃತ್ತಿ ಸಾಫ್ಟ್‌ವೇರ್. ಬಾಲ್ಯದ ಮನೆಯಲ್ಲಿ ಕಂಡ ಬಣ್ಣ ಎರಡೇ: ಗೌರಿ ಹಬ್ಬದ ಮುಂಚೆ ಬಳಿಯುತ್ತಿದ್ದ ನೀಲಿ ಬೆರೆಸಿದ ಸುಣ್ಣ, ಅದರ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಆ ಸುಣ್ಣದ ಮೇಲೆ ಇದ್ದಿಲಿನಿಂದ ಆನೆ ಬರೆಯಲು ಹೋಗಿ, ಸೊಂಡಿಲು ಮುಗಿಯುವ ಮೊದಲೇ ಬೆನ್ನಿಗೆ ಎರಡು ಬಿದ್ದಿದ್ದವು.

ಕೆಲಸ ಶುರುವಾಗುವುದು ಬಣ್ಣದಂಗಡಿಯ ಪುಕ್ಕಟೆ ಚೀಟಿಗಳಿಂದ. ಫ್ರಿಜ್ಜಿನ ಬಾಗಿಲಿಗೆ ಹದಿನಾರು ಹಳದಿಗಳು ಅಂಟಿಕೊಳ್ಳುತ್ತವೆ. "ಎಲ್ಲಾ ಹಳದಿನೇ ಅಲ್ವೇನ್ರೀ?" ಎಂದ ಹೆಂಡತಿಯನ್ನು ಸಮಾಲೋಚನೆಯಿಂದ ಕೈಬಿಡಲಾಗುತ್ತದೆ. ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್, 350ರಿಂದ 400 ಚದರಡಿಗೆ ಸಾಕು ಎಂದು ಸ್ಪ್ರೆಡ್‌ಶೀಟ್ ಹೇಳುತ್ತದೆ. ಎರಡನೆಯ ಕೋಟ್‌ಗೆ ಅದರಲ್ಲಿ ಕಾಲಂ ಇರುವುದಿಲ್ಲ.

ಕಿಟಕಿ ಸಣ್ಣದಾದ ಕೋಣೆಯಲ್ಲಿ ಬಣ್ಣ ಬಲ್ಬಿನ ಹಂಗಿನಲ್ಲಿರುತ್ತದೆ. ಅಂಗಡಿಯಲ್ಲಿ ಸಮುದ್ರದಂತಿದ್ದ ನೀಲಿ 2,700 ಕೆಲ್ವಿನ್ನಿನ ಹಳದಿ ಬಲ್ಬಿನಡಿ ಪಾಚಿಗಟ್ಟಿದ ಕೆರೆಯಾಗುತ್ತದೆ. ಬಣ್ಣ ಬದಲಿಸುವ ಬದಲು ಈತ ಬಲ್ಬುಗಳನ್ನೆಲ್ಲ ಬದಲಿಸುತ್ತಾನೆ. ಕಾಂಕ್ರೀಟು ಹೀರಿಕೊಂಡ ತೇವ ಹೊರಬರುವಾಗ ಬಿಳಿ ಉಪ್ಪನ್ನೂ ತರುತ್ತದೆ. ಆಗ ಇನ್ನೊಂದು ಗೋಡೆಯ ಕಿತ್ತಳೆ ಬಣ್ಣ ಹಪ್ಪಳದಂತೆ ಉಬ್ಬುತ್ತದೆ. ಮತ್ತೆ ಕೆರೆದು, ತೇವ ತಡೆಯುವ ಬಣ್ಣ ಬಳಿದು, ಡಿಹ್ಯುಮಿಡಿಫೈಯರ್ ತಂದಿಡುತ್ತಾನೆ. ಊರಿನ ಮನೆಯಲ್ಲಿ ಅಮ್ಮ ತುಳಸಿಗೆ ನೀರೆರೆಯುತ್ತಿದ್ದ ಶ್ರದ್ಧೆಯಿಂದಲೇ ದಿನವೂ ಬೆಳಗ್ಗೆ ಅದರ ಬಕೆಟ್ಟಿನ ನೀರು ಚೆಲ್ಲುತ್ತಾನೆ.

ಕೊನೆಯದು ಚಾಕ್‌ಬೋರ್ಡ್ ಪೇಂಟಿನ ಕರಿ ಗೋಡೆ. ಮಕ್ಕಳು ಇದರ ಮೇಲೆ ಮನಸಾರೆ ಬರೆಯಲಿ, ಯಾರೂ ಬೈಯುವುದಿಲ್ಲ ಎಂಬುದು ಇದರ ಹಿಂದಿನ ತತ್ತ್ವ.

ಪ್ರಾರಂಭೋತ್ಸವಕ್ಕೆ ಕನ್ನಡ ಕೂಟದ ಏಳೆಂಟು ಸಂಸಾರಗಳು ಒಂದೊಂದು ಅಡುಗೆಯೊಡನೆ ಬರುತ್ತವೆ. "ನೀವೇ ಬಳಿದ್ರಾ?" ಎಂಬ ಪ್ರಶ್ನೆ ಕೇಳುವವರೆಗೆ ಈತ ಮೆಟ್ಟಿಲ ಬಳಿಯಿಂದ ಕದಲುವುದಿಲ್ಲ. ಕೇಳಿದ ಮೇಲೆ ಕೇಳಿದವರಿಗೆ ಕದಲಲಾಗುವುದಿಲ್ಲ.

ಕೋಣೆಯ ಬಳಕೆ ಹೀಗೆ: ಮಕ್ಕಳು ಇಪ್ಪತ್ತು ನಿಮಿಷ ಆಡುತ್ತಾರೆ. ಅಷ್ಟರಲ್ಲಿ ಪಕ್ಕದ ಫರ್ನೇಸು ಗುರ್ ಎನ್ನುತ್ತದೆ. ಗುಮ್ಮ ಬಂತೆಂದು ಮೇಲಕ್ಕೆ ಓಡಿ ಅಡುಗೆಮನೆಯಲ್ಲಿ ಅಮ್ಮನ ಕಾಲಡಿ ಸೇರುತ್ತಾರೆ. ಬರೆಯುವುದು ಹಾಲ್‌ನ ಬಿಳಿ ಗೋಡೆಯ ಮೇಲೆ. ಬೈಯುವವನು ಈತನೇ. ಕೆಳಗೆ ನವರಾತ್ರಿಯಲ್ಲಿ ಗೊಂಬೆ ಕೂರುತ್ತವೆ, ನವೆಂಬರಿನಲ್ಲಿ ರಾಜ್ಯೋತ್ಸವದ ನಾಟಕದ ತಾಲೀಮು ನಡೆಯುತ್ತದೆ. ಉಳಿದ ದಿನಗಳಲ್ಲಿ ಈತನ ಆಫೀಸು ಅದೇ. ಗಂಭೀರ ಮೀಟಿಂಗುಗಳಲ್ಲಿ ತಲೆಯ ಹಿಂದೆ ಕಾಮನಬಿಲ್ಲು ಮೂಡಿರುತ್ತದೆ.

ಹತ್ತು ಹನ್ನೆರಡು ವರ್ಷ ಕಳೆದರೆ ಮಕ್ಕಳು ಕಾಲೇಜಿಗೆ, ಮನೆ ಮಾರಾಟಕ್ಕೆ. ಕೊಳ್ಳುವವರ ಕಣ್ಣಿಗೆ ಹೊಡೆಯಬಾರದು, ಎಲ್ಲ ಗೋಡೆಗೂ ತಿಳಿ ಮಣ್ಣಿನ ಬಣ್ಣ ಹೊಡೆಸಿ ಎನ್ನುತ್ತಾನೆ ಏಜೆಂಟ್. ಎರಡು ಕೋಟ್ ಕೊಟ್ಟರೂ ಕಿತ್ತಳೆ ಇಣುಕುತ್ತದೆ, ಪ್ರೈಮರ್ ಬೇಕಾಗುತ್ತದೆ. ಕರಿ ಗೋಡೆಯ ಸರದಿ ಕೊನೆಗೆ. ಅದರ ಮೂಲೆಯಲ್ಲಿ ಸೀಮೆಸುಣ್ಣದ ಆನೆಯೊಂದಿರುತ್ತದೆ, ಸೊಂಡಿಲು ಸಮೇತ. ಮಕ್ಕಳು ಬರೆದದ್ದಲ್ಲ.