ಒಳಮೈ ಮೀಮಾಂಸೆ: ಸಂಶೋಧನಾಲಯದ ನೆಲ, ಗೋಡೆ, ಮೇಜುಗಳ ಕುರಿತು ಒಂದು ಲಘು ಮಹಾಪ್ರಬಂಧ

ಲಕ್ಷಣ: ಉದ್ಘಾಟನೆಯ ದಿನ ಹೊಳೆದು, ಮರುದಿನದಿಂದ ಕಲೆ ಹಿಡಿಯುವ ಪದಾರ್ಥವೇ ಒಳಮೈ. ಅದರ ಆಯ್ಕೆಗೆ ಸಮಿತಿಯೊಂದೇ ಪ್ರಮಾಣ. ಪ್ರತ್ಯಕ್ಷ, ಅನುಮಾನಗಳೆರಡೂ ಟೆಂಡರು ಮುಗಿದ ಮೇಲೆ ಹುಟ್ಟುತ್ತವೆ.

ಶಿಲಾವಾದ: ಮೇಜಿಗೆ ಕಡಪ ಕಲ್ಲೇ ಸಾಕು, ಅಗ್ಗ, ಗಟ್ಟಿ ಎಂಬುದು ಪೂರ್ವಪಕ್ಷ. ಖಂಡನೆ: ಅದು ಸುಣ್ಣದಕಲ್ಲು. ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ಬುಸುಗುಟ್ಟಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಪ್ರಯೋಗದಲ್ಲಿ ಇಷ್ಟು ಪಾಲ್ಗೊಂಡ ಮೇಜನ್ನು ಸಹಲೇಖಕರ ಪಟ್ಟಿಗೆ ಸೇರಿಸಬೇಕಾದೀತು. ಗ್ರಾನೈಟು ವಾಸಿ, ಆದರೆ ಹೈಡ್ರೋಫ್ಲೋರಿಕ್ ಆಮ್ಲ ಅದನ್ನೂ ತಿನ್ನುತ್ತದೆ.

ರಾಳವಾದ: ಎಪಾಕ್ಸಿ ಸುರಿದರೆ ಸಂದಿಲ್ಲದ ಅದ್ವೈತ ನೆಲ ಸಿದ್ಧ. ಆದರೆ ಅಡಿಯ ಕಾಂಕ್ರೀಟು ಒಣಗುವ ಮೊದಲೇ ಉದ್ಘಾಟನೆಗೆ ಮಂತ್ರಿಗಳ ತಾರೀಖು ಸಿಕ್ಕಿಬಿಟ್ಟರೆ, ತೇವ ಮೇಲೆದ್ದು ಅದ್ವೈತದಲ್ಲಿ ಗುಳ್ಳೆಗಳೇಳುತ್ತವೆ.

ವಿದ್ಯುದ್ವಾದ: ಒಣಹವೆಯಲ್ಲಿ ಕಾರ್ಪೆಟ್ಟಿನ ಮೇಲೆ ನಡೆದವರ ಮೈಯಲ್ಲಿ ಸಾವಿರಾರು ವೋಲ್ಟ್ ಸ್ಥಾಯೀ ವಿದ್ಯುತ್ತು ಸೇರುತ್ತದೆ. ಸುಮಾರು 3,000 ವೋಲ್ಟಿನ ತನಕ ಅವರಿಗೆ ಗೊತ್ತೇ ಆಗುವುದಿಲ್ಲ. ಸೂಕ್ಷ್ಮ ಎಲೆಕ್ಟ್ರಾನಿಕ್ ಚಿಪ್ಪೊಂದು 100 ವೋಲ್ಟಿಗೂ ಮೊದಲೇ ಸಾಯಬಹುದು. ಆದ್ದರಿಂದ ಅಂಥ ಚಿಪ್ಪುಗಳಿರುವ ಲ್ಯಾಬುಗಳ ನೆಲದಡಿ ತಾಮ್ರದ ಪಟ್ಟಿ ಹಾಸಿ ಅರ್ಥಿಂಗ್ ಕೊಡುತ್ತಾರೆ. ಕಾರ್ಪೆಟ್ಟು ನಿರ್ದೇಶಕರ ಕೋಣೆಗೆ ಮಾತ್ರ ವಿಹಿತ. ಅಲ್ಲಿ ಕೆಡಬಲ್ಲ ಸೂಕ್ಷ್ಮವಸ್ತು ಯಾವುದೂ ಇರುವುದಿಲ್ಲ.

ನಿರಾಭರಣವಾದ: ಆಚಾರ್ಯರು ವಾಸ್ತುಶಿಲ್ಪಿ ಲೂಯಿ ಕಾನ್. ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ 1965ರಲ್ಲಿ ಮುಗಿದ ಸಾಲ್ಕ್ ಸಂಸ್ಥೆಯಲ್ಲಿ ಅವರು ಕಾಂಕ್ರೀಟಿಗೆ ಬಣ್ಣ ಬಳಿಸಲಿಲ್ಲ. ಅಚ್ಚಿನ ಹಲಗೆಗಳ ಗುರುತನ್ನೂ ಅಳಿಸಲಿಲ್ಲ. ಕಿಟಕಿಗಳ ತೇಗವನ್ನೂ ಹಾಗೇ ಬಿಟ್ಟರು. ಜೀವವಿಜ್ಞಾನದ ಆ ಪುಣ್ಯಕ್ಷೇತ್ರದಲ್ಲಿ ಶಿಲೀಂಧ್ರವೇ ಮುಂದೆ ಬಂದು ತೇಗಕ್ಕೆ ಕಪ್ಪು ಬಳಿಯಿತು, ಟೆಂಡರಿಲ್ಲದೆ. ಅದನ್ನು ತೆಗೆಸುವ ಕೆಲಸ ಮುಗಿದದ್ದು 2017ರಲ್ಲಿ.

ಸಿದ್ಧಾಂತ: ವಾದಿಗಳೆಲ್ಲ ಬಯಲಿಗಾಗಿ ಕಾದಾಡಿದರು, ಕೊಳೆ ಬೀಡುಬಿಡುವುದು ಮೂಲೆಯಲ್ಲಿ. ಆದಕಾರಣ ನೆಲದ ವಿನೈಲ್ ಹಾಳೆಯನ್ನು ಗೋಡೆಯ ಬುಡದಲ್ಲಿ ಬಾಗಿಸಿ ಮೇಲಕ್ಕೆ ಹತ್ತಿಸಬೇಕು, ಸಂದುಗಳನ್ನು ಬಿಸಿಮಾಡಿ ಬೆಸೆಯಬೇಕು. ಮಾಪು ಹಿಡಿದವರಿಗೆ ಇದು ಸ್ವತಃಸಿದ್ಧ. ಅವರನ್ನೂ ಸಮಿತಿಗೆ ಸೇರಿಸಿಕೊಳ್ಳಬೇಕೆಂಬ ಸಲಹೆ ಉಪಸಮಿತಿಯ ಮುಂದಿದೆ. ಉಪಸಮಿತಿ ಸದ್ಯಕ್ಕೆ ಬಿಳಿಯ ಹದಿನಾಲ್ಕು ಛಾಯೆಗಳಲ್ಲಿ ಮಗ್ನವಾಗಿದೆ.

ಫಲಶ್ರುತಿ: ಇದನ್ನು ಟೆಂಡರಿಗೆ ಮುಂಚೆ ಓದಿದವರಿಗೆ ಜಾರದ ನೆಲ ಪ್ರಾಪ್ತಿ, ಬಿಲ್ಲು ಪಾಸಾದ ಮೇಲೆ ಓದಿದವರಿಗೆ ಆಡಿಟ್ ಆಕ್ಷೇಪಣೆ ಪ್ರಾಪ್ತಿ.