ಫೇಲೇ ಇಲ್ಲದ ಪರೀಕ್ಷೆಯಲ್ಲಿ ಪಾಸಾಗುವ ಬಗೆ

ಚೀನಾದಲ್ಲಿ ಯಾರನ್ನೂ ಫೇಲು ಮಾಡದ ಪರೀಕ್ಷೆಯೊಂದಿದೆ. ಅದರಲ್ಲಿ ಪಾಸಾಗಲೆಂದೇ ಅಲ್ಲಿನ ಕಾಲೇಜು ಹುಡುಗ ಹುಡುಗಿಯರು ವರ್ಷಕ್ಕೆ ಎರಡು ಸಲ, ಜೂನ್‌ನಲ್ಲಿ ಮತ್ತು ಡಿಸೆಂಬರ್‌ನಲ್ಲಿ, ನಿದ್ದೆಗೆಡುತ್ತಾರೆ. ಬರೆಯುವವರ ಲೆಕ್ಕ ವರ್ಷಕ್ಕೆ ಕೋಟಿ ದಾಟುತ್ತದೆ. ಫೀಸು ಸುಮಾರು 30 ಯುವಾನ್, ಅಂದರೆ ಕ್ಯಾಂಟೀನಿನ ಎರಡು ಊಟದ ದುಡ್ಡು. ಇಷ್ಟು ಅಗ್ಗದಲ್ಲಿ ಇಷ್ಟು ಜನರ ನಿದ್ದೆ ಕೆಡಿಸುವ ಏರ್ಪಾಡು ಬೇರೆಲ್ಲೂ ಇರಲಾರದು.

ಹೆಸರು ಕಾಲೇಜ್ ಇಂಗ್ಲಿಷ್ ಟೆಸ್ಟ್, ಚಿಕ್ಕದಾಗಿ ಸಿಇಟಿ. ನಮ್ಮ ಅಪ್ಪ ಅಮ್ಮಂದಿರು ಬೆಚ್ಚಿಬೀಳುವುದು ಬೇಡ. ಮಲ್ಲೇಶ್ವರದ ಕೆಇಎ ಕಚೇರಿಗೂ ಇದಕ್ಕೂ ನಂಟಿಲ್ಲ, ಇದರಿಂದ ಯಾವ ಸೀಟೂ ಸಿಗುವುದಿಲ್ಲ. ಶಾಂಘೈ ಜಿಯಾವೊತೊಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಯಾಂಗ್ ಹುಯಿಝೊಂಗ್ ಮತ್ತು ಅವರ ಜೊತೆಯವರು ರೂಪಿಸಿದ ಈ ಪರೀಕ್ಷೆ 1987ರಲ್ಲಿ ಶುರುವಾಯಿತು. ದೇಶ ಆಗತಾನೆ ಬಾಗಿಲು ತೆರೆದಿತ್ತು. ಹೊರಗಿನಿಂದ ಯಂತ್ರ ಬರುತ್ತಿತ್ತು, ಯಂತ್ರದ ಜೊತೆ ಇಂಗ್ಲಿಷ್ ಕೈಪಿಡಿಯೂ ಬರುತ್ತಿತ್ತು, ಅದನ್ನು ಓದಬಲ್ಲ ಎಂಜಿನಿಯರುಗಳು ಬೇಕಿತ್ತು. ಉದ್ದೇಶಕ್ಕೆ ಕೊಂಕು ಹೇಳುವಂತಿಲ್ಲ. ನಾಲ್ಕನೇ ಹಂತ ಎಲ್ಲರಿಗೂ, ಆರನೇ ಹಂತ ಆಸೆ ಹೆಚ್ಚಿದ್ದವರಿಗೆ. ಒಂದು, ಎರಡು, ಮೂರು, ಐದು ಎಲ್ಲಿ ಎಂದು ಕೇಳಿದರೆ, ಅವೆಲ್ಲ ಪಠ್ಯಕ್ರಮದಲ್ಲಿ ಸುಖವಾಗಿದ್ದವು. ದೇಶವ್ಯಾಪಿ ಪರೀಕ್ಷೆಯ ಭಾಗ್ಯ ಅವಕ್ಕೆ ಇರಲಿಲ್ಲ.

ಮೊದಲು ಲೆಕ್ಕ ಸರಳವಾಗಿತ್ತು. ನೂರಕ್ಕೆ 60 ಬಂದರೆ ಪಾಸು, ಕೈಗೊಂದು ಪ್ರಮಾಣಪತ್ರ. ಆ ಪತ್ರವಿಲ್ಲದಿದ್ದರೆ ಪದವಿಯೇ ಇಲ್ಲ ಎಂದು ಎಷ್ಟೋ ವಿಶ್ವವಿದ್ಯಾಲಯಗಳು ನಿಯಮ ಮಾಡಿಕೊಂಡವು. ಮಕ್ಕಳ ಮೇಲಿನ ಈ ಹೊರೆ ಇಳಿಸಲು 2005ರಲ್ಲಿ ಸುಧಾರಣೆ ಬಂತು. ಪ್ರಮಾಣಪತ್ರ ಹೋಯಿತು, ಪಾಸು ಹೋಯಿತು, ಫೇಲೂ ಹೋಯಿತು. ಅವುಗಳ ಜಾಗಕ್ಕೆ 710 ಅಂಕಗಳ ಒಂದು ಅಂಕಪಟ್ಟಿ ಬಂತು. 710 ಏಕೆ? ಸರಾಸರಿ 500, ಅದರ ಮೇಲೆ 70ರ ಮೂರು ಮೆಟ್ಟಿಲು. ಸಂಖ್ಯಾಶಾಸ್ತ್ರಜ್ಞರಿಗೆ ಇದು ಅರ್ಥವಾಗುತ್ತದೆ, ಉಳಿದವರಿಗೆ ಭಯವಾಗುತ್ತದೆ. ಪಾಸು ಎಂಬ ಗೆರೆಯನ್ನು ಅಳಿಸಿದ ಮೇಲೆ ನಿಯಮಾವಳಿಯಲ್ಲಿ ಒಂದೇ ಒಂದು ಚಿಕ್ಕ ಮಾತು ಉಳಿಯಿತು: ನಾಲ್ಕರಲ್ಲಿ 425 ಬಂದವರು ಮಾತ್ರ ಆರಕ್ಕೆ ಕೂರಬಹುದು. ಅಷ್ಟೇ ಸಾಕಾಯಿತು. 425ನ್ನು 710ರಿಂದ ಭಾಗಿಸಿ ನೋಡಿ, ನೂರಕ್ಕೆ 60ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಮುಂಬಾಗಿಲಿನಿಂದ ಹೊರಗೆ ಕಳಿಸಿದ ಅರವತ್ತು ಬಟ್ಟೆ ಬದಲಿಸಿಕೊಂಡು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಕೂತಿತು. ಅಂದಿನಿಂದ 424 ಬಂದವರ ಮನೆಯಲ್ಲಿ ಸೂತಕ, 425 ಬಂದವರ ಮನೆಯಲ್ಲಿ ಹಬ್ಬ.

ಇದರಲ್ಲಿ ಯಾರದೂ ತಪ್ಪಿಲ್ಲ ಎನ್ನುವುದೇ ಈ ಪರೀಕ್ಷೆಯ ದೊಡ್ಡ ಸೊಗಸು. ಶಿಕ್ಷಣ ಸಚಿವಾಲಯವನ್ನು ಕೇಳಿ: ಪದವಿಗೂ ಇದಕ್ಕೂ ಗಂಟು ಹಾಕಿ ಎಂದು ನಾವು ಯಾವತ್ತೂ ಹೇಳಿಲ್ಲ. ವಿಶ್ವವಿದ್ಯಾಲಯಗಳನ್ನು ಕೇಳಿ: ನಮ್ಮ ಮಕ್ಕಳಿಗೆ ಕೆಲಸ ಸಿಗಬೇಡವೇ, ಕಂಪನಿಗಳು ಕೇಳುತ್ತವೆ. ಕಂಪನಿಗಳನ್ನು ಕೇಳಿ: ಸಾವಿರ ಅರ್ಜಿ ಬಂದರೆ ಯಾವುದಾದರೂ ಜರಡಿ ಬೇಕಲ್ಲ, ಇದು ಬಿಟ್ಟಿ ಸಿಗುತ್ತದೆ. ಹೊರ ಊರಿನ ಪದವೀಧರರಿಗೆ ಹುಕೌ ಎಂಬ ವಾಸದ ನೋಂದಣಿ ಕೊಡುವಾಗ ಶಾಂಘೈ ನಗರ ಇಟ್ಟ ಅಂಕಗಳ ಲೆಕ್ಕದಲ್ಲಿ ಈ ಪರೀಕ್ಷೆಗೂ ಒಂದಿಷ್ಟು ಅಂಕ. ಸರ್ಕಾರಿ ನೌಕರಿಯ ಎಷ್ಟೋ ಹುದ್ದೆಗಳ ಅರ್ಹತೆಯಲ್ಲಿ ಅದೇ 425. ಕಡತ ಜೋಡಿಸುವ ಗುಮಾಸ್ತ ಜೀವಮಾನದಲ್ಲಿ ಒಬ್ಬ ವಿದೇಶಿಯನ್ನೂ ನೋಡದೆ ನಿವೃತ್ತನಾಗಬಹುದು. ಆದರೆ ಅಕಸ್ಮಾತ್ ಒಬ್ಬ ಬಂದೇಬಿಟ್ಟರೆ? ಮುನ್ನೆಚ್ಚರಿಕೆ ಒಳ್ಳೆಯದು. 2023ರ ಸೆಪ್ಟೆಂಬರಿನಲ್ಲಿ ಷಿಆನ್‌ನ ಜಿಯಾವೊತೊಂಗ್ ವಿಶ್ವವಿದ್ಯಾಲಯ ಇನ್ನು ಮುಂದೆ ನಮ್ಮ ಪದವಿಗೂ ಈ ಅಂಕಕ್ಕೂ ಸಂಬಂಧವಿಲ್ಲ ಎಂದಿತು. ದೇಶವೆಲ್ಲ ಅದನ್ನೇ ಮಾತಾಡಿತು. ಯಾರೂ ಹಾಕಿಲ್ಲದ ಗಂಟನ್ನು ಬಿಚ್ಚಲು ಅಲ್ಲಿ ಹದಿನೆಂಟು ವರ್ಷ ಹಿಡಿಯಿತು.

ಇನ್ನು ತಯಾರಿ. ಕಾಲೇಜಿಗೆ ಕಾಲಿಟ್ಟ ವಾರದಲ್ಲೇ ಹಾಸ್ಟೆಲ್ ಕೋಣೆಯ ಬಾಗಿಲು ಬಡಿದು ಸೀನಿಯರ್ ಅಣ್ಣಂದಿರು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಪದಕೋಶ, ವರ್ಷದ ಇಂಗ್ಲಿಷ್ ಪತ್ರಿಕೆಯ ಚಂದಾ ಮಾರಲು ಬರುತ್ತಾರೆ. ತಮ್ಮ ತಂಗಿಯರ ಭವಿಷ್ಯದ ಚಿಂತೆ ಅವರಿಗೆ. ಹಂತ ನಾಲ್ಕಕ್ಕೆ ಸುಮಾರು ನಾಲ್ಕೂವರೆ ಸಾವಿರ ಪದ ಬೇಕು ಎನ್ನುತ್ತಾರೆ. ಅವನ್ನು ತಲೆಗೆ ತುಂಬಲು ಈಗ ಫೋನಿನಲ್ಲೇ ಆ್ಯಪ್‌ಗಳಿವೆ. ದಿನಕ್ಕಿಷ್ಟು ಪದ ಮುಗಿಸಿದ ಮೇಲೆ ಹಾಜರಿ ಒತ್ತಿ, ಆ ಚಿತ್ರವನ್ನು ವೀಚಾಟಿನಲ್ಲಿ ಬಂಧುಮಿತ್ರರಿಗೆಲ್ಲ ತೋರಿಸಬೇಕು. ಪದ ಮರೆತರೆ ಆ್ಯಪಿಗೆ ಬೇಸರವಿಲ್ಲ, ಹಾಜರಿ ಮರೆತರೆ ಮಾತ್ರ ಅದು ನೊಂದುಕೊಳ್ಳುತ್ತದೆ. ಹೀಗಾಗಿ ಜಾಣ ಮಕ್ಕಳು ಪದವನ್ನು ಬಿಟ್ಟು ಹಾಜರಿಯನ್ನು ಉಳಿಸಿಕೊಂಡರು.

ಅದೇ ಕ್ಯಾಂಪಸ್ಸಿನ ಇನ್ನೊಂದು ತುದಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್. ಎಂಬಿಬಿಎಸ್ ಓದಲು ಹೋದ ನಮ್ಮ ಕಡೆಯ ಮಕ್ಕಳು ಅಲ್ಲಿ ಎಚ್‌ಎಸ್‌ಕೆ ಎಂಬ ಚೀನೀ ಭಾಷಾ ಪರೀಕ್ಷೆಗೆ ಉರು ಹೊಡೆಯುತ್ತಿರುತ್ತಾರೆ. ಅದರ ನಾಲ್ಕನೇ ಹಂತಕ್ಕೆ ಹಳೆಯ ಲೆಕ್ಕದಲ್ಲಿ 1200 ಪದ. ಇವರು ಅವರ ಭಾಷೆಯನ್ನು, ಅವರು ಇವರಿಗೆ ಬರುವ ಭಾಷೆಯನ್ನು ಕಲಿಯುತ್ತಿದ್ದಾರೆ. ಜೊತೆಗೆ ಕೂತು ಚಹಾ ಕುಡಿದರೆ ಇಬ್ಬರ ಕೆಲಸವೂ ಆಗುತ್ತದೆ. ಆದರೆ ಹಾಗೆ ಹರಟೆ ಹೊಡೆಯಲು ಪುರುಸೊತ್ತೆಲ್ಲಿ? ಎರಡೂ ಕಡೆ ಪರೀಕ್ಷೆ ಹತ್ತಿರ ಬಂದಿದೆ.

ಪ್ರಬಂಧಕ್ಕೆ ಬರೋಣ. 120ರಿಂದ 180 ಪದ, ಅರ್ಧ ಗಂಟೆ. ಯೋಚಿಸಲು ಕೂತರೆ ಕೆಟ್ಟಿರಿ. ಅದಕ್ಕೆಂದೇ ಸಿದ್ಧ ಅಚ್ಚುಗಳಿವೆ. ಸಮಾಜ ವೇಗವಾಗಿ ಬೆಳೆಯುತ್ತಿದೆ ಎಂದು ಶುರು ಮಾಡಿ, ಇದರ ಬಗ್ಗೆ ಜನರಲ್ಲಿ ಎರಡು ಅಭಿಪ್ರಾಯಗಳಿವೆ ಎಂದು ನಡುವೆ ಹೇಳಿ, ನನ್ನ ಮಟ್ಟಿಗೆ ಎರಡಕ್ಕೂ ಮಹತ್ವವಿದೆ ಎಂದು ಮುಗಿಸಿದರೆ ಆಯಿತು. ಮಧ್ಯದಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಅಂದಿನ ವಿಷಯವನ್ನು ತುಂಬುವುದು. ಸೈಕಲ್ಲೋ, ಸ್ನೇಹವೋ, ಆನ್‌ಲೈನ್ ತರಗತಿಯೋ, ಯಾವುದಾದರೂ ಸರಿ. ಲಗ್ನಪತ್ರಿಕೆಯ ಅಚ್ಚಿನ ಹಾಗೆ, ಹೆಸರೂ ತಾರೀಖೂ ಬದಲಿಸಿದರೆ ಯಾರ ಮದುವೆಗೂ ನಡೆಯುತ್ತದೆ. ಮೌಲ್ಯಮಾಪಕರ ಪರದೆಯ ಮೇಲೆ ದಿನವಿಡೀ ನೂರಾರು ಉತ್ತರಗಳು ಸರಿಯುತ್ತವೆ, ಆದ್ದರಿಂದ ಅಕ್ಷರ ದುಂಡಗಿರಬೇಕು. ಹೆಬೆಯ್ ಪ್ರಾಂತ್ಯದ ಹೆಂಗ್‌ಶುಯ್ ಹೈಸ್ಕೂಲಿನ ಹೆಸರಿನಲ್ಲಿ ಒಂದು ಬರವಣಿಗೆಯ ಶೈಲಿಯೇ ಹುಟ್ಟಿಕೊಂಡಿದೆ: ಕೈಯಲ್ಲಿ ಬರೆದದ್ದು ಮುದ್ರಣಯಂತ್ರದಿಂದ ಬಂದ ಹಾಗೆ ಕಾಣಬೇಕು. ಅದಕ್ಕೆ ಕಾಪಿ ಪುಸ್ತಕಗಳೂ ಸಿಗುತ್ತವೆ. ಯಂತ್ರಗಳು ಮನುಷ್ಯರ ಹಾಗೆ ಬರೆಯಲು ಹೆಣಗುತ್ತಿರುವ ಈ ಕಾಲದಲ್ಲಿ ಮನುಷ್ಯರು ಎದುರುದಾರಿ ಹಿಡಿದಿರುವುದು ನನಗಂತೂ ನ್ಯಾಯವೆನಿಸುತ್ತದೆ.

ಓದಿ ಉತ್ತರಿಸುವ ಭಾಗಕ್ಕೆ ಓದುವ ಅಗತ್ಯವಿಲ್ಲ ಎಂದು ಕೋಚಿಂಗ್ ಮೇಷ್ಟ್ರು ಮೊದಲ ದಿನವೇ ಅಭಯ ಕೊಡುತ್ತಾರೆ. ಪ್ರಶ್ನೆಗಳ ಸಾಲು ಪಾಠದ ಸಾಲನ್ನೇ ಹಿಂಬಾಲಿಸುತ್ತದೆ, ‘ಎಲ್ಲರೂ’, ‘ಎಂದೆಂದೂ’ ಎನ್ನುವ ಆಯ್ಕೆ ತಪ್ಪು, ಮೂರು ಆಯ್ಕೆ ಒಂದಳತೆಗಿದ್ದು ಒಂದು ಮಾತ್ರ ಗಿಡ್ಡವೋ ಉದ್ದವೋ ಇದ್ದರೆ ಗುಂಪಿಗೆ ಸೇರದ ಅದೇ ಸರಿ. ಅಕ್ಷರ ಬರದವನೂ ಒಂದು ಮೊಳಕೋಲು ಹಿಡಿದು ಹೋಗಿ ಬರೆದು ಬರಬಹುದು.

ನಕಲು ಮಾಡೋಣವೆಂದರೆ ಅದೂ ಕಷ್ಟ. ಒಂದೇ ಕೋಣೆಯಲ್ಲಿ ಬೇರೆ ಬೇರೆ ಪತ್ರಿಕೆ ಹಂಚುತ್ತಾರೆ. ಪಕ್ಕದವನ ಉತ್ತರ ಪಕ್ಕದವನಿಗಷ್ಟೇ. ಉಳಿದಿರುವ ದಾರಿ ದೇವರದ್ದು. ಪರೀಕ್ಷೆಯ ಹಿಂದಿನ ದಿನ ವೀಬೊ ಜಾಲತಾಣದಲ್ಲಿ ಅದೃಷ್ಟದ ಕೆಂಪು ಮೀನಿನ ಚಿತ್ರ ಹಂಚಬೇಕು. 2018ರಲ್ಲಿ ಒಂದು ಟಿವಿ ಸ್ಪರ್ಧೆಯಲ್ಲಿ ಹಾಡೂ ಕುಣಿತವೂ ಅಷ್ಟಕ್ಕಷ್ಟೇ ಇದ್ದರೂ ಮೂರನೆಯ ಸ್ಥಾನಕ್ಕೇರಿದ ಯಾಂಗ್ ಚಾವೊಯುವೆ ಎಂಬ ನಟಿಯ ಚಿತ್ರವನ್ನೂ ಮಕ್ಕಳು ಅದೇ ಭಕ್ತಿಯಿಂದ ಹಂಚಿದರು. ಸಾಧನೆಗಿಂತ ಸಾಧಿಸದೆ ದಾಟಿದವರ ಫೋಟೊಗೆ ಶಕ್ತಿ ಹೆಚ್ಚು ಎಂಬುದನ್ನು ಆ ವಯಸ್ಸಿಗೇ ಅರಿತ ಪೀಳಿಗೆ ಅದು.

ಪರೀಕ್ಷೆಯ ಶನಿವಾರ ಬೆಳಗ್ಗೆ. ಕೈಯಲ್ಲಿ 2ಬಿ ಪೆನ್ಸಿಲ್, ಕಪ್ಪು ಶಾಯಿಯ ಪೆನ್ನು, ತಲೆಯ ಮೇಲೆ ಎಫ್‌ಎಂ ರೇಡಿಯೊ ಇರುವ ಹೆಡ್‌ಫೋನ್. ಆಲಿಸುವ ಭಾಗವನ್ನು ಬಹಳಷ್ಟು ಕ್ಯಾಂಪಸ್ಸುಗಳಲ್ಲಿ ರೇಡಿಯೊದಲ್ಲೇ ಬಿತ್ತರಿಸುತ್ತಾರೆ. ಮೂರು ಸುದ್ದಿ, ಎರಡು ಸಂಭಾಷಣೆ, ಮೂರು ಪ್ರಸಂಗ. 25 ನಿಮಿಷ, 25 ಪ್ರಶ್ನೆ. ಎಲ್ಲವೂ ಒಂದೇ ಸಲ ಕೇಳಿಸುತ್ತದೆ. ಒಟ್ಟು ಅಂಕದಲ್ಲಿ ನೂರಕ್ಕೆ 35 ಪಾಲು ಇದಕ್ಕೆ. ಮೂರು ಸೆಮಿಸ್ಟರಿನ ಉರು ಒಂದು ಕಡೆ, ಹೆಡ್‌ಫೋನಿನ ಬ್ಯಾಟರಿ ಒಂದು ಕಡೆ. ಕಿವಿಯಲ್ಲಿ ಬರೀ ಗರಗರ ಕೇಳಿಸಿದರೂ ಎದೆಗುಂದಬೇಕಿಲ್ಲ. ಸರಿಯಾಗಿ ಕೇಳಿಸಿದವರಿಗೂ ಕೇಳಿಸಿದ್ದು ಬಹುಮಟ್ಟಿಗೆ ಅದೇ. ನಿಜವಾದ ಹೊಂಚು ಬೇರೆ ಇದೆ. ಆಲಿಸುವುದು ಮುಗಿದ ಕ್ಷಣವೇ ಮೊದಲ ಉತ್ತರಹಾಳೆಯನ್ನು ಕಿತ್ತುಕೊಳ್ಳುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ಗುರುತು ಹಾಕಿಕೊಂಡು, ಕೊನೆಗೆ ನಿಧಾನವಾಗಿ ಗೋಲಿ ತುಂಬೋಣ ಎಂದುಕೊಂಡ ಅಚ್ಚುಕಟ್ಟಿನ ಹುಡುಗಿ ಆಲಿಸುವ ಭಾಗ ಖಾಲಿಯಿರುವ ಹಾಳೆ ಕೊಟ್ಟು ಕೂರುತ್ತಾಳೆ. ಅವಳಿಗೆ ಇಂಗ್ಲಿಷ್ ಬರುತ್ತಿತ್ತು ಎಂಬುದಕ್ಕೆ ಇನ್ನು ಸಾಕ್ಷಿಯಿಲ್ಲ.

ಕೊನೆಯದು ಅನುವಾದ. 2013ರ ಡಿಸೆಂಬರಿನಿಂದ ಒಂದು ಚೀನೀ ಪ್ಯಾರಾವನ್ನು ಇಂಗ್ಲಿಷಿಗೆ ತರಬೇಕು. ವಿಷಯ ದೇಶದ ಸಂಸ್ಕೃತಿ, ಇತಿಹಾಸ, ಪ್ರಗತಿ. 2019ರ ಜೂನ್‌ನಲ್ಲಿ ಸಿಂಹನೃತ್ಯ, ಕಾಗದ ಕತ್ತರಿಸುವ ಕಲೆ, ಲಾಟೀನು. ಇನ್ನೊಂದು ವರ್ಷ ಹೊಸವರ್ಷದ ಹಿಂದಿನ ರಾತ್ರಿಯ ಊಟದ ಮೀನು. ಹಾಸ್ಟೆಲಿನ ಹುಡುಗ ಕಾಗದ ಕತ್ತರಿಸಿದ್ದನ್ನು ಕೊನೆಯ ಸಲ ನೋಡಿದ್ದು ಅಜ್ಜಿಯ ಮನೆಯ ಕಿಟಕಿಯಲ್ಲಿ, ಆದರೆ ಅದನ್ನು ಪರದೇಶಿಗೆ ವಿವರಿಸುವ ಹೊಣೆ ಅವನದು. ಪದ ಹೊಳೆಯದಿದ್ದರೆ ಚೀನೀ ಪದವನ್ನೇ ರೋಮನ್ ಅಕ್ಷರದಲ್ಲಿ ಬರೆದು ತಲೆತಪ್ಪಿಸಿಕೊಳ್ಳುವುದು ರೂಢಿ. ಹೇಗೂ ಆ ಪರದೇಶಿ ಯಾರೆಂದು ಗೊತ್ತಿಲ್ಲ. ಗಾವ್‌ಕಾವ್ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಲಿ ಹುವಾ ಎಂಬ ಕಾಲ್ಪನಿಕ ಹುಡುಗನಿದ್ದಾನೆ. ವಿದೇಶಿ ಗೆಳೆಯರಿಗೆ ಕಾಗದ ಬರೆಯುವುದೇ ಅವನ ಕಾಯಕ. ದೇಶದ ಮಕ್ಕಳೆಲ್ಲ ಅವನ ಪರವಾಗಿ ದಶಕಗಳಿಂದ ಬರೆದುಕೊಟ್ಟಿದ್ದಾರೆ. ಉತ್ತರವೊಂದೂ ಪ್ರಶ್ನೆಪತ್ರಿಕೆಯ ಹೊರಗೆ ಬಂದದ್ದು ಕಂಡಿಲ್ಲ.

ಮಾತಾಡುವುದು? ಅದೂ ಇದೆ. 1999ರಿಂದ ಬೇರೆಯಾಗಿ ನಡೆಯುತ್ತದೆ, ಈಗ ಕಂಪ್ಯೂಟರ್ ಮುಂದೆ ಕೂತು. ಇಷ್ಟವಿದ್ದವರಿಗೆ ಮಾತ್ರ. 710ರಲ್ಲಿ ಅದಕ್ಕೆ ಒಂದು ಅಂಕವೂ ಇಲ್ಲ. ಬಾಯಿ ಬಿಡದೆಯೂ ಭಾಷೆ ಗೆಲ್ಲಬಹುದು ಎಂದ ಮೇಲೆ ಬಾಯಿ ಬಿಡುವ ಮೂರ್ಖರು ಯಾರು?

ಒಬ್ಬರಿದ್ದರು. ಲಾಂಝೌ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಲಿ ಯಾಂಗ್, ಇಂಗ್ಲಿಷಿನಲ್ಲಿ ಸೋತು ಸುಣ್ಣವಾಗಿ, ಇದೇ ನಾಲ್ಕನೇ ಹಂತಕ್ಕಾಗಿ ಬಯಲಿಗೆ ಹೋಗಿ ವಾಕ್ಯಗಳನ್ನು ಕಿರುಚತೊಡಗಿದರು. ಕೆಲವು ತಿಂಗಳಲ್ಲಿ ಕಾಲೇಜಿಗೇ ಎರಡನೆಯವರಾದರು ಎಂಬುದು ಅವರೇ ಹೇಳಿಕೊಂಡು ಬಂದ ಕಥೆ. ಆ ಕಿರುಚಾಟವನ್ನೇ ಅವರು ‘ಕ್ರೇಜಿ ಇಂಗ್ಲಿಷ್’ ಎಂದು ಮಾರಿದರು. ಕ್ರೀಡಾಂಗಣ ತುಂಬ ಜನ ಒಟ್ಟಿಗೆ ಅರಚುವುದನ್ನು ನಿರ್ದೇಶಕ ಝಾಂಗ್ ಯುವಾನ್ 1999ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. ಹತ್ತು ಸಾವಿರ ಜನ ಒಂದೇ ವಾಕ್ಯ ಕೂಗಿದರೆ ಅದಕ್ಕೆ ಉತ್ತರ ಕೊಡುವವರು ಯಾರು ಎಂದು ಯಾರೂ ಕೇಳಲಿಲ್ಲ. ಆ ಗದ್ದಲದಲ್ಲಿ ಕೇಳಿದ್ದರೂ ಕೇಳಿಸುತ್ತಿರಲಿಲ್ಲ.

ಇಂಗ್ಲಿಷ್ ಮಾರಿದ ಇನ್ನೊಬ್ಬರು ಯು ಮಿನ್‌ಹೊಂಗ್. ಗಾವ್‌ಕಾವ್‌ನಲ್ಲಿ ಎರಡು ಸಲ ಬಿದ್ದು, ಮೂರನೆಯ ಸಲ ಪೀಕಿಂಗ್ ವಿಶ್ವವಿದ್ಯಾಲಯ ಸೇರಿ, 1993ರಲ್ಲಿ ನ್ಯೂ ಓರಿಯೆಂಟಲ್ ಎಂಬ ಕೋಚಿಂಗ್ ಸಾಮ್ರಾಜ್ಯ ಕಟ್ಟಿದವರು. 2021ರ ಜುಲೈನಲ್ಲಿ ಸರ್ಕಾರ ಶಾಲಾಮಕ್ಕಳ ಟ್ಯೂಷನ್ ಉದ್ಯಮವನ್ನು ಒಂದೇ ಏಟಿಗೆ ಮಲಗಿಸಿತು. ಕಾಲೇಜು ಮಕ್ಕಳ ಪರೀಕ್ಷಾ ಕೋಚಿಂಗ್‌ಗೆ ಧಕ್ಕೆಯಾಗಲಿಲ್ಲ, ಹದಿನೆಂಟು ದಾಟಿದವರ ನಿದ್ದೆಗೆ ರಕ್ಷಣೆ ಬೇಕಿಲ್ಲವಲ್ಲ. ಆದರೂ ಕಂಪನಿ ಅರುವತ್ತು ಸಾವಿರ ಜನರನ್ನು ಮನೆಗೆ ಕಳಿಸಿತು; ಮಕ್ಕಳಿಲ್ಲದ ಕೋಣೆಗಳ ಬೆಂಚು ಕುರ್ಚಿಗಳನ್ನು ಹಳ್ಳಿ ಶಾಲೆಗಳಿಗೆ ದಾನ ಮಾಡಿತು. ಉಳಿದ ಮೇಷ್ಟ್ರುಗಳು ಆನ್‌ಲೈನ್ ನೇರಪ್ರಸಾರದ ಕ್ಯಾಮೆರಾ ಮುಂದೆ ನಿಂತು ಅಕ್ಕಿ, ಜೋಳ ಮಾರತೊಡಗಿದರು.

2022ರ ಜೂನ್, ಪರೀಕ್ಷೆಯ ತಿಂಗಳು. ಶಾನ್‌ಶಿ ಪ್ರಾಂತ್ಯದ ಹಳ್ಳಿಯಿಂದ ಬಂದ ಡೊಂಗ್ ಯುಹುಯಿ ಎಂಬ ಮೇಷ್ಟ್ರು ಒಂದು ಕೈಯಲ್ಲಿ ಗೋಮಾಂಸದ ಸ್ಟೇಕ್ ಪೊಟ್ಟಣ, ಇನ್ನೊಂದು ಕೈಯಲ್ಲಿ ಪುಟ್ಟ ಬಿಳಿ ಹಲಗೆ ಹಿಡಿದು, ಮಾಂಸದ ತುಂಡಿಗೆ, ಬೇಯಿಸುವ ಹದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಬರೆದು ತೋರಿಸಿದರು. ಲಕ್ಷಾಂತರ ಜನ ತಾವಾಗಿ ಬಂದು ಕೂತು ಕೇಳಿದರು. ಹಾಜರಿಯಿಲ್ಲ, ಉತ್ತರಹಾಳೆಯಿಲ್ಲ, ಕೊನೆಗೆ ಅಂಕವಿಲ್ಲ. ಬರುವಾಗ ಊಟಕ್ಕೆ ಬೇಕಾದದ್ದನ್ನು ಕೊಂಡು ಬರಬಹುದು. ನ್ಯೂ ಓರಿಯೆಂಟಲ್‌ನ ಆ ಅಂಗಡಿಯ ಷೇರು ಕೆಲವೇ ದಿನಗಳಲ್ಲಿ ಹಲವು ಪಟ್ಟು ಏರಿತು. ಸ್ಟೇಕ್ ಕೊಂಡವರಲ್ಲಿ ಎಷ್ಟು ಜನ ಮಾರನೆಯ ಶನಿವಾರ ಹೆಡ್‌ಫೋನ್ ಹಾಕಿಕೊಂಡು ಕೂತರೋ. ಆ ಸಲದ ಪ್ರಶ್ನೆಪತ್ರಿಕೆಯಲ್ಲಿ ಸ್ಟೇಕ್ ಬಂದಿದ್ದರೆ ಅವರಿಗೆ ಖಂಡಿತ ಲಾಭವಾಗುತ್ತಿತ್ತು.